ಎತ್ತಿಗೊಂದು ಸೋಮವಾರ, ಹುಡುಗಿಗೊಂದು ರವಿವಾರ

ನಿನ್ನೆ ಬೈಲಹೊಂಗಲದ ನಮ್ಮ ಗೊಬ್ಬರದ ಅಂಗಡಿಯಲ್ಲಿ ಒಂದು ಬಾಟಲಿ ಉರುಳಿತು. ಸಮುದ್ರದ ಪಾಚಿಯಿಂದ ತೆಗೆದ ಔಷಧ ಅದು. ಕಡಲೆಗೂ ಕಬ್ಬಿಗೂ ಸಿಂಪಡಿಸುತ್ತಾರೆ. ಮುಚ್ಚಳ ಸಡಿಲವಾಗಿತ್ತೆಂದು ಕಾಣುತ್ತದೆ, ಕರಿಯ ರಸ ಹಲಗೆಯಿಂದ ಇಳಿದು ನನ್ನ ಚಪ್ಪಲಿಯವರೆಗೆ ಹರಿದು ಬಂತು. ಅಂಗಡಿಯಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ನಂಬಿದರೆ ನಂಬಿ, ಇನ್ನಷ್ಟು ಬಾಗಿ ಉಸಿರೆಳೆದುಕೊಂಡೆ. ಉಪ್ಪು, ಕೊಳೆತ ಸೊಪ್ಪು, ತೊಯ್ದ ಕಲ್ಲು. ಸಮುದ್ರದ ಹೆಸರನ್ನೂ ಎತ್ತದ ಈ ಕರಿ ಮಣ್ಣಿನ ನಾಡಿನಲ್ಲಿ, ಬಜಾರದ ನಟ್ಟನಡುವೆ, ಐರ್ಲೆಂಡ್ ದೇಶದ ಗಾಲ್ವೇ ಎಂಬ ಊರಿನ ದಂಡೆ ಬಂದು ನನ್ನ ಕಾಲಬುಡದಲ್ಲಿ ನಿಂತಿತು.

"ಅಪ್ಪಾ, ಕಾಲ್ ತಗಿ ಅತ್ಲಾಗ, ಹೊಲಸ ನಾರತೈತಿ," ಎಂದ ನನ್ನ ಮಗ ಈರಣ್ಣ.

ಅಂಗಡಿ ಅವನದು. ಹೊಲದ ಕೆಲಸ ಕೈಬಿಟ್ಟ ಮೇಲೆ ನಾನು ದಿನಾ ನಮ್ಮೂರು ಚಚಡಿಯಿಂದ ಅವನ ಜೊತೆ ಬಂದು ಅಲ್ಲಿ ಕೂಡುತ್ತೇನೆ. ಬಂದವರಿಗೆ ಬರ್ರಿ ಅನ್ನುವುದು, ಹೊರಟವರಿಗೆ ಮತ್ತ ಬರ್ರಿ ಅನ್ನುವುದು, ಇಷ್ಟೇ ಕೆಲಸ. ಗೋಡೆಯ ಮೇಲಿನ ಕ್ಯಾಲೆಂಡರಿಗೂ ನನಗೂ ಇರುವ ವ್ಯತ್ಯಾಸವೆಂದರೆ ನಾನು ಚಹಾ ಕುಡಿಯುತ್ತೇನೆ. ಆದರೆ ನಿನ್ನೆ ಆ ವಾಸನೆಯ ನಡುವೆ ಈ ಕ್ಯಾಲೆಂಡರು ಬಾಯಿ ಬಿಟ್ಟಿತು. ಏನು ಹೇಳಿತು ಎನ್ನುವುದಕ್ಕೆ ಬರುತ್ತೇನೆ. ಅವಸರವಿದ್ದವರು ಪುಟ ಮಗುಚಿ ಮುಂದೆ ಹೋಗಬಹುದು. ಅವಸರದ ಮೇಲಿನ ಸಿಟ್ಟಿಗೇ ಇದನ್ನು ಬರೆಯಲು ಕೂತಿದ್ದೇನೆ.

ಮೊದಲು ನನ್ನ ಬಗ್ಗೆ ಒಂದಿಷ್ಟು. ಮೆಟ್ರಿಕ್ ಮುಗಿಸಿ ನೇಗಿಲು ಹಿಡಿದವನು ನಾನು. ಓದಿದ್ದು ಕಡಿಮೆಯಾದರೂ ನಸುಕಿನಲ್ಲಿ ಏಳುವುದರಲ್ಲಿ ನನ್ನನ್ನು ಮೀರಿಸಿದವರು ಊರಲ್ಲಿ ಇರಲಿಲ್ಲ. ನಾನು ಎದ್ದರೆ ಮನೆಯೆಲ್ಲ ಏಳಬೇಕು. ಅದಕ್ಕೆ ನನಗೆ ಬೈಗುಳ ಬೇಕಾಗಿರಲಿಲ್ಲ. ಪಡಸಾಲೆಯಲ್ಲಿ ನಿಂತು ಒಂದು ಕೆಮ್ಮು ಕೆಮ್ಮಿದರೆ ಸಾಕು. ಆ ಕೆಮ್ಮಿಗೆ ಹೆಂಡತಿ ಒಲೆ ಹಚ್ಚುತ್ತಿದ್ದಳು, ಮಕ್ಕಳು ಪುಸ್ತಕ ತೆರೆಯುತ್ತಿದ್ದರು, ಪಕ್ಕದ ಮನೆಯವರೂ ಒಮ್ಮೊಮ್ಮೆ ಎದ್ದು ಕೂಡುತ್ತಿದ್ದರಂತೆ. ಹೊತ್ತೇರಿದ ಮೇಲೆ ನಮ್ಮ ಮನೆಯಲ್ಲಿ ಮಲಗುವ ಹಕ್ಕು ಇದ್ದದ್ದು ಬಾಣಂತಿಗೆ, ಜ್ವರ ಬಂದವರಿಗೆ ಮತ್ತು ನಾಯಿಗೆ. ನಾಯಿಯನ್ನೂ ನಾನು ಆಗೀಗ ಎಬ್ಬಿಸುತ್ತಿದ್ದೆ.

ಇಂಥವನ ಮೊಮ್ಮಗಳು ಭಾಗ್ಯಶ್ರೀ. ಈರಣ್ಣನ ಹಿರಿಯ ಮಗಳು. ಧಾರವಾಡದಲ್ಲಿ ಕೃಷಿ ಓದಿದಳು, ಆಮೇಲೆ ಗಾಲ್ವೇಗೆ ಹೋದಳು. ಸಮುದ್ರದ ಪಾಚಿಯಿಂದ ಮಣ್ಣಿಗೂ ಬೆಳೆಗೂ ಏನೇನು ಉಪಯೋಗ ಎಂಬುದರ ಮೇಲೆ ಎರಡು ವರ್ಷದ ಓದು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಆಕೆ ತನ್ನ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಫೋಟೊ ಹಾಕಿದಳು. ರವಿವಾರ ಮಧ್ಯಾಹ್ನ, ಸಮುದ್ರದ ಪಕ್ಕದ ಹುಲ್ಲಿನ ಮೇಲೆ, ಬೂಟು ಕಳಚಿ, ಕೈಕಾಲು ಚೆಲ್ಲಿ ಮಲಗಿದ ಫೋಟೊ. ಅದನ್ನು ರಾಮದುರ್ಗದಲ್ಲಿರುವ ನಮ್ಮ ಅಳಿಯಂದಿರು ನೋಡಿದರು. ಕೂಡಲೇ ಈರಣ್ಣನಿಗೆ ಫೋನು.

"ಭಾವಾರ, ಹುಡುಗೀನ ಓದಾಕ ಕಳಿಸೀರೋ, ಬಿಸಲಾಗ ಒಣಗ ಹಾಕಾಕ ಕಳಿಸೀರೋ?"

ಈರಣ್ಣನಿಗೆ ಆ ಮಾತು ಚುಚ್ಚಿತು. ರಾತ್ರಿ ಊಟಕ್ಕೆ ಕೂತಾಗ, "ಒಂದ್ ವರ್ಷ ಆತಲ್ಲ, ಸಾಕು. ಇನ್ನೊಂದ್ ವರ್ಷ ಬ್ಯಾಡ. ಕರಿಸ್ಕೊಳ್ಳೂದ ಛಲೋ," ಎಂದ. ಸೊಸೆ ಶಾಂತಾ ತಟ್ಟೆ ನೋಡುತ್ತ ಕೂತಳು. ಆಗ ನಾನು ದೊಡ್ಡಸ್ತಿಕೆಯಿಂದ ಹೇಳಿದೆ: "ನಾ ಹೋಗಿ ಕಣ್ಣಾರೆ ನೋಡ್ಕೊಂಡ್ ಬರತೇನಿ. ಖರೇ ಓದಾಕತ್ತಿದ್ರ ಇರ್ಲಿ. ಇಲ್ಲಂದ್ರ ನನ್ನ ಕೂಡ ಹೊಳ್ಳಿ ಬರ್ಲಿ."

ನನ್ನ ಹೆಂಡತಿ ನೀಲವ್ವ ಶೇಂಗಾ ಹೋಳಿಗೆಯನ್ನು ಬಟ್ಟೆಯಲ್ಲಿ ಸುತ್ತುತ್ತ ಅಂದದ್ದು ಮಾತ್ರ ಬೇರೆ. "ಹುಡುಗಿ ಅಲ್ಲ್ಯಾರ ಒಂದೀಟ ನಿದ್ದಿ ಮಾಡ್ತಿದ್ರ ಅದನ್ನ ಕೆಡಸಾಕ ಇಮಾನ ಹತ್ತಿ ಹೊಂಟೀರಿ. ಹೋಗಿ ಬರ್ರಿ. ಕೆಮ್ಮೂದೊಂದ ಮರೀಬ್ಯಾಡ್ರಿ."

ಹೀಗೆ ನಾನು ಮೇ ತಿಂಗಳಲ್ಲಿ, ಕಿತ್ತೂರಿನ ಹೆದ್ದಾರಿಯಲ್ಲಿ ಬೆಂಗಳೂರಿನ ಬಸ್ಸು ಹಿಡಿದು, ಆಮೇಲೆ ವಿಮಾನಗಳನ್ನು ಹತ್ತಿ ಇಳಿದು, ತಪಾಸಣೆಯ ಅಧಿಕಾರಿಯ ಹಾಗೆ ಗಾಲ್ವೇಗೆ ಹೋದೆ. ತಲೆಗೆ ಪಟಕಾ, ಕೋಟಿನ ಕಿಸೆಯಲ್ಲಿ ವಿಭೂತಿ, ಚೀಲದಲ್ಲಿ ಜೋಳದ ಹಿಟ್ಟು.

ಆ ಊರಿನ ಬಗ್ಗೆ ಬೇಕಾದಷ್ಟು ಹೇಳಬಹುದು. ಹೊತ್ತು ಮುಳುಗುವುದೇ ಇಲ್ಲ ಅಲ್ಲಿ. ಊಟ ಮುಗಿಸಿ ಹಾಸಿಗೆ ಬಿಚ್ಚುವಾಗಲೂ ಕಿಟಕಿಯಲ್ಲಿ ಬೆಳಕು. ನಮ್ಮ ಕಡೆ ಅಷ್ಟು ಬೆಳಕು ಸಿಕ್ಕಿದ್ದರೆ ಇನ್ನೆರಡು ಸಾಲು ಎಡೆ ಹೊಡೆದು ಕಳೆ ತೆಗೆಯಬಹುದಿತ್ತಲ್ಲ ಎಂದು ನಾನು ದಿನಾ ಸಂಜೆ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಅಲ್ಲಿಯ ಮಂದಿ ಆ ಬೆಳಕಿನಲ್ಲಿ ಸುಮ್ಮನೆ ಓಡಾಡುತ್ತಾರೆ. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ.

ವಾರದ ದಿನಗಳಲ್ಲಿ ಭಾಗ್ಯಾ ಬೆಳಿಗ್ಗೆ ಹೋದವಳು ಸಂಜೆಗೇ ಬರುತ್ತಿದ್ದಳು. ಸಮುದ್ರ ಹಿಂದೆ ಸರಿದ ಹೊತ್ತಿನಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಕೊರೆಯುವ ನೀರಿನಲ್ಲಿ ನಿಂತು ಪಾಚಿ ಕಿತ್ತು ತರುತ್ತಿದ್ದಳು. ಕೈ ಕೆಂಪಗಾಗಿ ಬಿರಿದಿದ್ದವು. ಇದನ್ನು ಇಲ್ಲಿ ಹೇಳಿದೆನಾದರೂ ಆಕೆಯ ನಿದ್ದೆಗೆ ಜಾಮೀನು ಎಂದು ಹೇಳುತ್ತಿಲ್ಲ. ಅಷ್ಟು ದುಡಿದಳು, ಆದ್ದರಿಂದ ಇಷ್ಟು ಮಲಗಬಹುದು ಎಂಬ ಲೆಕ್ಕಕ್ಕೆ ನಾನು ಈಗ ಒಪ್ಪುವವನಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದು ಮುಂದೆ ಬರುತ್ತದೆ.

ನಾನು ಇಳಿದುಕೊಂಡದ್ದು ಆಕೆಯ ಕೋಣೆಯಲ್ಲೇ. ಶನಿವಾರ ಬಂತು. ನಾನು ಎಂದಿನಂತೆ ನಸುಕಿಗೇ ಎದ್ದೆ. ಸ್ನಾನ ಮಾಡಿದೆ, ಲಿಂಗಪೂಜೆ ಮಾಡಿದೆ, ಪಟಕಾ ಸುತ್ತಿಕೊಂಡು ಕುರ್ಚಿಯ ಮೇಲೆ ಕೂತೆ, ಬಸ್ಸು ಬರುವುದನ್ನು ಕಾಯುವವನ ಹಾಗೆ. ಹುಡುಗಿ ಏಳಲಿಲ್ಲ. ಹೊತ್ತು ಏರಿತು. ಕೆಳಗೆ ರಸ್ತೆಯಲ್ಲಿ ನಾಯಿ ಹಿಡಿದುಕೊಂಡು ಜನ ಹೋಗತೊಡಗಿದರು. ಆಗಲೂ ಏಳಲಿಲ್ಲ. ಕೊನೆಗೆ ನನ್ನ ಬತ್ತಳಿಕೆಯ ಬಾಣ ತೆಗೆದೆ. ಪಡಸಾಲೆಯ ಕೆಮ್ಮನ್ನು, ಇಡೀ ಚಚಡಿಯ ಓಣಿ ಎಬ್ಬಿಸಿದ ಕೆಮ್ಮನ್ನು, ಆ ಸಣ್ಣ ಕೋಣೆಯಲ್ಲಿ ಕೆಮ್ಮಿದೆ.

ಹೊದಿಕೆಯ ಒಳಗಿಂದ ದನಿ ಬಂತು: "ಅಜ್ಜಾ, ಕೆಮ್ಮಿನ ಔಷಧ ಮ್ಯಾಲಿನ ಕಪಾಟಿನ್ಯಾಗ ಐತಿ ನೋಡು."

ನನ್ನ ಜೀವಮಾನದ ಅಧಿಕಾರ ಆ ಒಂದು ಮಾತಿಗೆ ಮುಗಿಯಿತು. ಎದ್ದು ಹೋಗಿ ಔಷಧ ಕುಡಿದೆ. ಸಿಹಿಯಾಗಿತ್ತು.

ಬಹಳ ಹೊತ್ತಿನ ಮೇಲೆ ಎದ್ದ ಹುಡುಗಿ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿ, "ಮಳಿ," ಎಂದು ಹೇಳಿ ಮತ್ತೆ ಹಾಸಿಗೆಯ ಮೇಲೆ ಕೂತಳು. ಓದಲಿಲ್ಲ. ಕೂದಲು ಬಿಚ್ಚಿ ಎಣ್ಣೆಯ ಬಾಟಲಿ ನನ್ನ ಕೈಗೆ ಕೊಟ್ಟಳು.

"ಹಚ್ಚು ಅಜ್ಜಾ. ಅಜ್ಜಿ ಹಚ್ಚತಾಳಲ್ಲ, ಹಂಗ."

"ನನಗ ಬರೂದಿಲ್ಲ ಯವ್ವಾ. ನಾ ಎತ್ತಿನ ಕೋಡಿಗೆ ಹಚ್ಚಿದಾಂವ."

"ಹಂಗ ಅನ್ಕೊಂಡ ಹಚ್ಚು. ನಾ ಹಾಯಂಗಿಲ್ಲ."

ನಾನು ನಕ್ಕೆ. ಹಚ್ಚಿದೆ. ಮಳೆ ನಿಲ್ಲಲಿಲ್ಲ, ನಮಗೂ ಎಲ್ಲಿಗೂ ಹೋಗಬೇಕೆನಿಸಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಆರೋಪಿಯ ತಲೆ ತಿಕ್ಕುತ್ತ ಒಂದು ಇಡೀ ಬೆಳಗು ಕಳೆದ.

ಮರುದಿನ ರವಿವಾರ ಬಿಸಿಲು ಬಿತ್ತು. ಹೋಳಿಗೆಯ ಡಬ್ಬಿ ಹಿಡಿದುಕೊಂಡು ದಂಡೆಗೆ ಹೋದೆವು. ಅಲ್ಲಿ ಸಮುದ್ರದ ಪಕ್ಕಕ್ಕೆ ಉದ್ದಾನುದ್ದ ಒಂದು ಕಾಲುದಾರಿ ಇದೆ. ಅದು ಮುಗಿಯುವಲ್ಲಿ ಒಂದು ಗೋಡೆ. ನಡೆದು ಬಂದವರೆಲ್ಲ ಆ ಗೋಡೆಗೆ ಒಂದು ಒದೆ ಕೊಟ್ಟು ಹಿಂದಿರುಗುತ್ತಾರೆ. ಮುದುಕರು, ಮಕ್ಕಳು, ಕೋಟು ಹಾಕಿದ ಘನಸ್ಥರು, ಎಲ್ಲರೂ ಒದೆಯುತ್ತಾರೆ. ಹಾಗೆ ಮಾಡಿದರೇನೇ ನಡಿಗೆ ಮುಗಿಯಿತೆಂದು ಅರ್ಥವಂತೆ. ಭಾಗ್ಯಾ ಒದ್ದಳು. "ನೀನೂ ಒದಿ," ಎಂದಳು. ಗೋಡೆಗೆ ಕಾಲು ತಾಗಿಸುವುದು ನನಗೆ ಸರಿಬರಲಿಲ್ಲ. ಬಗ್ಗಿ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಹಿಂದೆ ಬರುತ್ತಿದ್ದ ಒಬ್ಬ ಮುದುಕ ಅದನ್ನು ನೋಡಿದ. ತಾನು ಒದೆಯಲು ಎತ್ತಿದ ಕಾಲು ಕೆಳಗಿಳಿಸಿ, ಸ್ವಲ್ಪ ಯೋಚಿಸಿ, ಟೊಪ್ಪಿಗೆ ತೆಗೆದು ಗೋಡೆಗೆ ನಮಸ್ಕಾರ ಮಾಡಿ ಹೋದ. ನನ್ನಿಂದ ಆ ಊರಿನ ಪದ್ಧತಿ ಕೆಡದಿರಲಿ ಎಂದು ಆಮೇಲೆ ನಾನೂ ಒದ್ದೆ.

ಅಲ್ಲಿಂದ ಹುಲ್ಲಿನ ಮೇಲೆ ಬಂದು ಕೂತೆವು. ಅದೇ ಫೋಟೊದ ಹುಲ್ಲು. ಪಾಚಿಯ ವಾಸನೆ ಗಾಳಿಯ ತುಂಬ. ಆಕೆ ಬೂಟು ಕಳಚಿದಳು. ನಾನು ಆಕೆಯ ಚೀಲದ ಕಡೆಗೆ ನೋಡಿದೆ.

"ಪುಸ್ತಕ ತಂದಿಲ್ಲೇನ ಯವ್ವಾ?"

"ಇಲ್ಲ."

"ಮತ್ತ ಈಗ ಏನ್ ಮಾಡೂದು?"

"ಏನೂ ಇಲ್ಲ ಅಜ್ಜಾ. ಇದ."

"ಇದ ಅಂದ್ರ?"

"ಇದ ಅಂದ್ರ ಇದ. ಕುಂದರೂದು. ಮಲಗೂದು. ಹೋಳಿಗಿ ತಿನ್ನೂದು."

ಊರಿಗೆ ಹೋಗಿ ಏನು ಹೇಳಬೇಕೋ ಅದು ಕಣ್ಣ ಮುಂದೆಯೇ ಮಲಗಿತ್ತು. ಆಕೆಗೂ ಗೊತ್ತಿತ್ತು. ಆಕಾಶ ನೋಡುತ್ತಲೇ ಕೇಳಿದಳು:

"ಅಜ್ಜಾ, ನಮ್ಮ ಎತ್ತಿಗೆ ಸೋಮಾರ ಯಾಕ ಬಿಡ್ತಿದ್ದಿ?"

ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ಕೈತಪ್ಪಿ ಹೋಗುತ್ತಿರಲಿ, ಮುಂದೆ ಮೋಡ ಕವಿದು ನಿಂತಿರಲಿ, ಸೋಮವಾರ ನೊಗ ಮುಟ್ಟುವ ಹಾಗಿಲ್ಲ. ಎತ್ತುಗಳು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತವೆ. ನೇಗಿಲು ಹಿಡಿದಷ್ಟು ಕಾಲ ನಾನು ಒಂದು ಸೋಮವಾರವನ್ನೂ ಮುರಿದವನಲ್ಲ. ಆ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

"ಬಸವಣ್ಣ ಅಲ್ಲೇನ ಅದು. ದೇವರು," ಎಂದೆ.

"ದೇವರಂತ ಬಿಟ್ಟಿ. ದಣದೈತಿ ಅಂತ ಅಲ್ಲ."

"ದಣದಿರತೈತಿ, ಅದೂ ಖರೇನ."

"ಈ ವಾರ ಎಷ್ಟ ಎಕರೆ ಹೊಡದಿ, ಮದಲ ಲೆಕ್ಕಾ ಹೇಳು, ಆಮ್ಯಾಲ ಮಲಗು ಅಂತ ಎತ್ತಿಗೆ ಕೇಳ್ತಿದ್ದೇನ?"

"ಛೇ."

"ಅಜ್ಜಿಗೆ ಯಾವ ವಾರ ಬಿಟ್ಟಿದ್ದಿ?"

ಸಮುದ್ರ ತನ್ನಷ್ಟಕ್ಕೆ ಸದ್ದು ಮಾಡುತ್ತಿತ್ತು. ಸೋಮವಾರ ಎತ್ತು ಮನೆಯಲ್ಲೇ ಇರುತ್ತಿದ್ದವು. ಅವುಗಳಿಗೆ ನೀರು, ಮೇವು, ಹಿಂಡಿ, ಕೊಟ್ಟಿಗೆಯ ಸಗಣಿ, ಮೈ ತೊಳೆಯುವುದು, ಎಲ್ಲ ನೀಲವ್ವನದು. ಹೊಲಕ್ಕೆ ಹೋದ ದಿನ ಎತ್ತಿನ ಕೆಲಸ ನನಗಿತ್ತು, ರಜೆಯ ದಿನ ಆಕೆಗೆ. ಬಸವಣ್ಣನ ವಿಶ್ರಾಂತಿಯನ್ನೆಲ್ಲ ಬೆನ್ನ ಮೇಲೆ ಹೊತ್ತವಳು ನನ್ನ ಹೆಂಡತಿ. ಅದನ್ನು ನಾನು ನೋಡಿರಲಿಲ್ಲವೆಂದಲ್ಲ. ನೋಡಿದ್ದೆ, ಅದು ಕೆಲಸವೆಂದು ಎಣಿಸಿರಲಿಲ್ಲ. ಸಮುದ್ರ ದಾಟಿ ಬಂದು, ಮೊಮ್ಮಗಳ ಸೋಮಾರಿತನ ಹಿಡಿಯಲು ಹೊಂಚು ಹಾಕಿ ಕೂತಾಗ ಅದು ತಲೆಗೆ ಹೊಕ್ಕಿತು.

ಆಮೇಲೆ ನಾನು ಮಾಡಿದ್ದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಹುಲ್ಲಿನ ಮೇಲೆ ಮಲಗಿದೆ. ಪಟಕಾ ಬಿಚ್ಚಿ ಮುಖದ ಮೇಲೆ ಹಾಕಿಕೊಂಡೆ. ಹಾಡಹಗಲು, ಪರದೇಶದಲ್ಲಿ, ನೂರಾರು ಜನ ಓಡಾಡುವ ಜಾಗದಲ್ಲಿ, ಜ್ವರವಿಲ್ಲ ನೆಗಡಿಯಿಲ್ಲ, ಗೊರಕೆ ಹೊಡೆದೆನಂತೆ. ಎದ್ದಾಗ ಬಿಸಿಲು ಅಲ್ಲೇ ಇತ್ತು. ಆಕಾಶ ಬಿದ್ದಿರಲಿಲ್ಲ. ಯಾವ ಹೊಲವೂ ಬೀಳಾಗಿರಲಿಲ್ಲ. ಭಾಗ್ಯಾ ಹೋಳಿಗೆಯನ್ನೆಲ್ಲ ತಿಂದು ಮುಗಿಸಿದ್ದಳು, ಅದೊಂದೇ ನಷ್ಟ.

ಇಲ್ಲಿಯವರೆಗೆ ನನ್ನ ಕತೆಯಲ್ಲಿ ತಪ್ಪಿಲ್ಲ. ತಪ್ಪು ಇಲ್ಲಿಂದ ಮುಂದೆ.

ಊರಿಗೆ ಬಂದೆ. ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ರಾಮದುರ್ಗದಿಂದ ಅಳಿಯಂದಿರೂ ಬಂದಿದ್ದರು. ತೀರ್ಪು ಕೇಳಲೆಂದೇ ಬಂದಿದ್ದರು. ಈರಣ್ಣ ಕೇಳಿದ: "ಶನಿವಾರ ರವಿವಾರ ಏನ್ ಮಾಡತಾಳಪಾ ಆಕಿ?"

ಎಲ್ಲರ ಕಣ್ಣು ನನ್ನ ಬಾಯಿಯ ಮೇಲೆ. ಶಾಂತಾ ಸೆರಗಿನ ತುದಿ ಹಿಡಿದು ನಿಂತಿದ್ದಳು. ಖರೆ ಹೇಳಿದರೆ ಹುಡುಗಿಯ ಎರಡನೆಯ ವರ್ಷ ಹೋಗುತ್ತದೆ.

"ಓದತಾಳ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ರವಿವಾರನೂ ಓದತಾಳ. ಕುಂತ ಜಾಗಾ ಬಿಟ್ಟ ಏಳೂದಿಲ್ಲ. ಆ ಫೋಟೊದಂತಾ ದಿನ ಯಾವಾಗರ ಒಮ್ಮೆ."

ಅಳಿಯಂದಿರ ಮುಖ ಸಪ್ಪಗಾಯಿತು. ಈರಣ್ಣನ ಎದೆ ಉಬ್ಬಿತು. ಭಾಗ್ಯಾಳ ಎರಡನೆಯ ವರ್ಷ ಉಳಿಯಿತು. ನಾನು ಭಾರೀ ಕೆಲಸ ಮಾಡಿದೆನೆಂದುಕೊಂಡು ಮೀಸೆ ತಿರುವಿದೆ. ನೀಲವ್ವ ಮಾತ್ರ ಒಳಗಿಂದ ನನ್ನನ್ನೇ ನೋಡುತ್ತಿದ್ದಳು. ಆಕೆಗೆ ನನ್ನ ಸುಳ್ಳಿನ ದನಿ ಗೊತ್ತು.

ಸುಳ್ಳು ಹೇಳಿದ್ದಕ್ಕೆ ನಾನು ಪಶ್ಚಾತ್ತಾಪ ಪಡುತ್ತಿಲ್ಲ. ಮಕ್ಕಳನ್ನು ಉಳಿಸಲು ಮುದುಕರು ಸುಳ್ಳು ಹೇಳಬೇಕಾಗುತ್ತದೆ. ನನ್ನ ಸಂಕಟ ಬೇರೆ. ಮಲಗುವುದು ಮುಚ್ಚಿಡಬೇಕಾದ ಅಪರಾಧ ಎಂದು ಅವರೆಲ್ಲ ನಂಬಿದ್ದರು. ಅಲ್ಲವೆಂದು ಕಣ್ಣಾರೆ ಕಂಡು ಬಂದವನು ನಾನು. ಬಂದು, ಅವರ ಪರವಾಗಿಯೇ ಸಾಕ್ಷಿ ಹೇಳಿದೆ.

ಆ ಸಾಕ್ಷಿಗೆ ಸಿಕ್ಕಿಬಿದ್ದವಳು ಭಾಗ್ಯಾಳ ತಂಗಿ ಸ್ನೇಹಾ. ಬೈಲಹೊಂಗಲದಲ್ಲಿ ಪಿಯುಸಿ ಎರಡನೆಯ ವರ್ಷ. ಕಣ್ಣಲ್ಲೇ ನಗುವ ಹುಡುಗಿ, ಖೋ ಖೋ ಆಟದಲ್ಲಿ ಯಾರ ಕೈಗೂ ಸಿಗದವಳು. ಈರಣ್ಣ ಆಕೆಗೆ ರವಿವಾರವನ್ನೇ ಇಲ್ಲವಾಗಿಸಿದ. ನಸುಕಿಗೆ ಎಬ್ಬಿಸುವುದು, ಓದಿಗೆ ಕೂಡಿಸುವುದು, ಕಣ್ಣು ಎಳೆದರೆ ಅದೇ ಮಾತು: "ನಿಮ್ಮಕ್ಕ ನೋಡು. ರವಿವಾರನೂ ಕುಂತ ಜಾಗಾ ಬಿಟ್ಟ ಏಳೂದಿಲ್ಲಂತ." ನನ್ನದೇ ಮಾತು, ಅಕ್ಷರ ಬಿಡದಂತೆ. ಖೋ ಖೋ ನಿಂತಿತು. ಆಮೇಲೆ ನಗುವುದೂ ನಿಂತಿತು. ಅಕ್ಕನಿಗೆ ಫೋನು ಮಾಡಿ ಕೇಳಿದಳಂತೆ. ಅಜ್ಜನ ಮಾತು ಸುಳ್ಳಾಗಬಾರದೆಂದು ಭಾಗ್ಯಾ ನಕ್ಕು ಬೇರೆ ಮಾತು ತೆಗೆದಳಂತೆ.

ಮೊನ್ನೆ ಸ್ನೇಹಾ ನನ್ನ ಪಕ್ಕ ಬಂದು ಕೂತಳು. ಕಣ್ಣ ಕೆಳಗೆ ಕಪ್ಪು.

"ಅಜ್ಜಾ, ನೀ ಹೋಗಿ ನೋಡಿ ಬಂದಿಯಲ್ಲ. ಅಕ್ಕಗ ದಣುವ ಆಗೂದಿಲ್ಲೇನ?"

"ಯಾಕ ಯವ್ವಾ?"

"ನನಗ ಭಾಳ ಆಗ್ತೈತಿ. ನನಗಷ್ಟ ಯಾಕ ಆಗ್ತೈತಿ? ನನ್ನಾಗ ಏನರ ಕಮ್ಮಿ ಐತೇನ ಅಜ್ಜಾ?"

ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಖರೆ ಹೊರಬಿದ್ದರೆ ನನ್ನ ಮಾತಿನ ಬೆಲೆ ಹೋಗುತ್ತದಲ್ಲ ಎಂಬ ಅಳುಕು. ಆಕೆಯ ತಲೆ ಸವರಿದೆ. ತಲೆ ಸವರುವುದು ಏನೂ ಹೇಳದಿರುವ ಒಂದು ರೀತಿ ಅಷ್ಟೇ.

ಈಗ ನಿನ್ನೆಯ ಅಂಗಡಿಗೆ ಬರೋಣ. ಬಾಟಲಿ ಉರುಳಿದ ಹೊತ್ತಿಗೆ ಅಲ್ಲಿ ಸಾಲಹಳ್ಳಿಯ ಮಲ್ಲಪ್ಪ ಎಂಬ ರೈತ ಕೂತಿದ್ದ. ಬೈಲಹೊಂಗಲದ ನೆಂಟರಲ್ಲಿಗೆ ಬಂದವನು ಔಷಧಿ ಒಯ್ಯಲು ಬಂದಿದ್ದ. ಈರಣ್ಣ ಚೆಲ್ಲಿದ್ದನ್ನು ಒರೆಸುತ್ತಲೇ ಶುರು ಮಾಡಿದ: "ಇದರ ಮ್ಯಾಲನ ಓದಾಕತ್ತಾಳ್ರಿ ನಮ್ಮ ಹಿರೇ ಮಗಳು. ಮದಲನೇ ವರ್ಷ ಛಲೋ ಮಾರ್ಕ್ಸ್ ಬಿದ್ದಾವು. ರವಿವಾರನೂ ಬಿಡೂದಿಲ್ರಿ ಆಕಿ. ನಮ್ಮಪ್ಪ ಕಣ್ಣಾರೆ ನೋಡ್ಯಾನ."

ಮಲ್ಲಪ್ಪ ನನ್ನ ಕಡೆ ತಿರುಗಿ ಕೈ ಮುಗಿದ. "ಹೌದೇನ್ರಿ ಯಜಮಾನ್ರ? ನಮ್ಮನ್ಯಾಗೂ ಒಂದ್ ಹುಡುಗಿ ಐತ್ರಿ. ರವಿವಾರ ಬಂತಂದ್ರ ಟಿವಿ ಮುಂದ ಕುಂತಬಿಡ್ತೈತಿ. ನಾಳೀಂದನ ಬಂದ್ ಮಾಡಿಸ್ತೇನ್ರಿ."

ಆ ಸಾಲಹಳ್ಳಿಯ ಹುಡುಗಿಯನ್ನು ನಾನು ನೋಡಿಲ್ಲ. ಹೆಸರೂ ಗೊತ್ತಿಲ್ಲ. ಆದರೆ ನನ್ನ ಸುಳ್ಳು ಔಷಧದ ಬಾಟಲಿಯ ಜೊತೆಗೆ ಚೀಲದಲ್ಲಿ ಕೂತು ಆಕೆಯ ಮನೆಗೆ ಹೊರಟು ನಿಂತಿತ್ತು.

"ಮಲ್ಲಪ್ಪಾ," ಎಂದೆ, "ಬಂದ್ ಮಾಡಬ್ಯಾಡ. ಸುಳ್ಳದು."

"ಅಪ್ಪಾ!" ಎಂದ ಈರಣ್ಣ.

"ರವಿವಾರ ಆಕಿ ಪುಸ್ತಕ ಮುಟ್ಟೂದಿಲ್ಲ. ಹೊತ್ತೇರೂತನಾ ಮಲಗತಾಳ. ಎದ್ದ ಸಮುದ್ರದ ದಂಡಿಗೆ ಹೋಗಿ ಮತ್ತ ಮಲಗತಾಳ. ನಾನೂ ಮಲಗೀನಿ. ಗೊರಕಿ ಹೊಡದೀನಿ."

"ಅಪ್ಪಾ, ಗಿರಾಕಿ ಮುಂದ ಏನ್ ಮಾತಿದು..."

"ಗಿರಾಕಿ ಮುಂದನ ಹೇಳಬೇಕ ಈರಣ್ಣಾ. ಗಿರಾಕಿ ಕೈಯಾಗನ ಸುಳ್ಳು ಕೊಟ್ಟ ಕಳಸಾಕತ್ತಿ."

ಅವನ ಮುಖ ಕೆಂಪಾಯಿತು. ಒರೆಸುವ ಅರಿವೆ ನೆಲಕ್ಕೆ ಒಗೆದ. "ಹಂಗಾದ್ರ ಇಷ್ಟ ದಿನಾ ನಾ ಎಲ್ಲಾರ ಮುಂದ ಹೇಳ್ಕೋತ ಬಂದೀನಲ್ಲ? ನನ್ನ ಮರ್ಯಾದಿ? ಇವತ್ತ ಫೋನ್ ಮಾಡ್ತೇನಿ, ಗಂಟು ಕಟ್ಟಂತ ಹೇಳ್ತೇನಿ ಆಕೀಗೆ."

"ಮಾಡು. ಮಾಡೂಕಿಂತ ಮದಲ ಒಂದ್ ಹೇಳು. ಛಲೋ ಮಾರ್ಕ್ಸ್ ಬಿದ್ದಾವು ಅಂದ್ಯಲ್ಲ, ಅವು ಯಾರಿಗೆ ಬಿದ್ದಾವು? ರವಿವಾರ ಮಲಗೂ ಹುಡುಗಿಗೇ ಬಿದ್ದಾವು. ನೀ ಹೊಗಳೂ ಮಗಳು ಆಕಿನ. ಬ್ಯಾರೆ ಮಗಳಿಲ್ಲ ಅಲ್ಲಿ. ಇಲ್ಲಿ ಮಾತ್ರ ಒಬ್ಬಾಕೀನ ಒಣಗ ಹಾಕಾಕತ್ತಿ."

ಮಲ್ಲಪ್ಪ ಅವನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ ಮೆಲ್ಲಗೆ ಎದ್ದ. "ನಾ ಆಮ್ಯಾಲ ಬರತೇನ್ರಿ," ಎಂದು ಹೊರಟವನು ಮೆಟ್ಟಿಲ ಮೇಲೆ ನಿಂತು ನನ್ನನ್ನು ಕೇಳಿದ: "ಹಂಗಾದ್ರ ಟಿವಿ ಇರ್ಲಿ ಅಂತೀರೇನ್ರಿ?"

"ಇರ್ಲಿ ಮಲ್ಲಪ್ಪಾ. ನೀನೂ ಬಾಜೂಕ ಕುಂತು ನೋಡು."

ಸಂಜೆ ಅಂಗಡಿ ಮುಚ್ಚಿ ಚಚಡಿಗೆ ಬಂದೆವು. ಮನೆಯಲ್ಲಿ ನಾನೇ ಎಲ್ಲರನ್ನೂ ಕರೆದು ಮತ್ತೊಮ್ಮೆ ಹೇಳಿದೆ. ಸ್ನೇಹಾ ಬಾಗಿಲಿಗೆ ಆತು ನಿಂತು ಕೇಳಿದಳು. ನೀಲವ್ವ, "ಹೊರಗ ಬಂತಲ್ಲಾ ಅಂತೂ," ಎಂದಷ್ಟೇ ಹೇಳಿ ಒಳಗೆ ಹೋದಳು. ಈರಣ್ಣ ಭಾಗ್ಯಾಳಿಗೆ ಫೋನು ಮಾಡಲಿಲ್ಲ. ಆದರೆ ಒಪ್ಪಿದನೆಂದೂ ಹೇಳಲಿಲ್ಲ. "ಸ್ನೇಹಾನ ಪರೀಕ್ಷಾ ಮುಂದೈತಿ. ಎಬ್ಬಸೂದ ನಾ ಬಿಡೂದಿಲ್ಲ," ಎಂದು ಊಟ ಬಿಟ್ಟು ಎದ್ದ.

ಇವತ್ತು ರವಿವಾರ. ನಾನು ಹಳೆಯ ಚಾಳಿಯಂತೆ ಎದ್ದು ಒಳಕೋಣೆಗೆ ಇಣುಕಿದೆ. ಈರಣ್ಣ ಎಬ್ಬಿಸುವ ಮುಂಚೆಯೇ ಸ್ನೇಹಾ ಎದ್ದು ದೀಪ ಹಚ್ಚಿಕೊಂಡು ಪುಸ್ತಕದ ಮುಂದೆ ಕೂತಿದ್ದಳು.

"ಮಲಗ ಯವ್ವಾ. ನಿನ್ನೆ ಹೇಳಿದ್ನಲ್ಲ, ನಾ ಸುಳ್ಳ ಹೇಳಿದ್ನಂತ."

"ಕೇಳೀನಿ ಅಜ್ಜಾ. ಮಲಗಿದ್ರ ನಿದ್ದಿ ಬರವಲ್ದು. ಏನೋ ತಪ್ಪ ಮಾಡಾಕತ್ತೇನಿ ಅನ್ನಸತೈತಿ."

ಖರೆ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹೋಗುವುದಿಲ್ಲ. ಮಾತಿನಿಂದ ಕೆಡಿಸಿದ್ದನ್ನು ಮಾತಿನಿಂದಲೇ ರಿಪೇರಿ ಮಾಡಲು ಬರುವುದಿಲ್ಲ ಎಂದು ಆ ಹುಡುಗಿಯ ಬೆನ್ನು ನೋಡುತ್ತ ನಿಂತಾಗ ತಿಳಿಯಿತು.

ಹೊತ್ತು ಹುಟ್ಟಿತು. ಬಿಸಿಲು ಅಂಗಳಕ್ಕೆ ಇಳಿಯಿತು. ನಾನು ಸ್ನಾನ, ಪೂಜೆ ಮುಗಿಸಿದೆ. ಆಮೇಲೆ ಜಮಖಾನೆ ತಂದು ಪಡಸಾಲೆಯ ನಡುವೆ, ಬೀದಿಯಲ್ಲಿ ಹೋಗುವವರಿಗೂ ಕಾಣುವಂತೆ ಹಾಸಿ, ಉದ್ದಕ್ಕೆ ಮಲಗಿದೆ.

ಶಾಂತಾ ಗಾಬರಿಯಾಗಿ ಓಡಿ ಬಂದಳು. ನೀಲವ್ವ ನೋಡಿ, ಏನೂ ಕೇಳದೆ ಒಂದು ತಲೆದಿಂಬು ತಂದು ಒಗೆದಳು. ಈರಣ್ಣ ಹೊರಗಿನಿಂದ ಬಂದ.

"ಇದೇನಪಾ? ಮಂದಿ ಬರೂ ಹೊತ್ತು. ಏಳು."

"ಬರ್ಲಿ."

"ನೋಡಿದ್ರ ಏನಂತಾರ?"

"ಮುದಕ ಮಲಗ್ಯಾನ ಅಂತಾರ."

ಅವನು ಏನೋ ಗೊಣಗಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಸ್ನೇಹಾ ಬಂದಳು, ಪುಸ್ತಕದಲ್ಲಿ ಬೆರಳಿಟ್ಟುಕೊಂಡು. ನನ್ನ ತಲೆಯ ಹತ್ತಿರ ನಿಂತಳು.

"ಅಕ್ಕನೂ ಹಿಂಗ ಮಲಗತಾಳೇನ ಅಜ್ಜಾ?"

"ಇದಕ್ಕಿಂತ ಛಲೋ ಮಲಗತಾಳ. ನಾ ಇನ್ನೂ ಕಲಿಯಾಕತ್ತೇನಿ."

ಆಕೆ ಹೊರಗಿನ ಕಟ್ಟೆಯ ಕಡೆ ನೋಡಿದಳು. ಅಪ್ಪನ ಬೆನ್ನು ಕಾಣುತ್ತಿತ್ತು. ಬಹಳ ಹೊತ್ತು ನೋಡುತ್ತ ನಿಂತು, ಪುಸ್ತಕದಿಂದ ಬೆರಳು ತೆಗೆದು ಕೆಳಗಿಟ್ಟಳು. ಜಮಖಾನೆಯ ಅಂಚಿನಲ್ಲಿ, ಬೇಕಾದರೆ ಕೂಡಲೇ ಏಳಬಹುದು ಎನ್ನುವಂತೆ, ಮುದುಡಿಕೊಂಡು ಮಲಗಿದಳು. ಒಮ್ಮೆ ಹೊರಳಿದಳು. ಇನ್ನೊಮ್ಮೆ ಹೊರಳಿದಳು. ಆಮೇಲೆ ಆಕೆಯ ಉಸಿರು ಉದ್ದವಾಯಿತು, ಮುದುಡಿದ ಕಾಲು ತಾವಾಗಿಯೇ ಚಾಚಿಕೊಂಡವು.

ಹೊರಗೆ ಯಾರದೋ ಹೆಜ್ಜೆಯ ಸದ್ದು. ಓಣಿಯವರೊಬ್ಬರು ನನ್ನನ್ನು ಕೇಳಿಕೊಂಡು ಬಂದಿದ್ದರು. "ಯಜಮಾನ್ರು ಅದಾರೇನ್ರಿ?"

ಈರಣ್ಣ ತಿರುಗಿ ಒಳಗೆ ನೋಡಿದ. ನಾನು ಕಣ್ಣು ಮುಚ್ಚಿದ್ದೆ, ಆದರೂ ನೋಡಿದ್ದು ಗೊತ್ತಾಯಿತು. ಏಳು ಎನ್ನುತ್ತಾನೆಂದು ಕಾದೆ. ಅವನು ದನಿ ತಗ್ಗಿಸಿ, ಸಿಟ್ಟು ಇನ್ನೂ ಆರದ ಸ್ವರದಲ್ಲಿ ಹೇಳಿದ:

"ಅಪ್ಪ ಮಲಗ್ಯಾನ್ರಿ. ಹುಡುಗೀನೂ ಮಲಗೈತಿ. ಆಮ್ಯಾಲ ಬರ್ರಿ."

ನನಗೆ ಎಚ್ಚರವಿತ್ತು. ಏಳಲಿಲ್ಲ.